ವೆಂಟಿಲೇಟರ್ ಪೇಷಂಟ್, ತೋರಣಗಲ್ಲಿನಿಂದ ಏರ್ ಆಂಬುಲೆನ್ಸ್: ಟೀಮ್ ಬರೋ ಮುಂಚೆ ನಮ್ಮ ಕಡೆ ಏನೇನು ಮುಗಿದಿರಬೇಕು?

ಗುಡ್ಡದ_ಕೆಳಗೆ
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ನಮ್ಮ ನರ್ಸಿಂಗ್ ಹೋಮ್ ಐಸಿಯುಗೆ ಒಂದು ಚೆಕ್‌ಲಿಸ್ಟ್ ಬರೀತಿದೀವಿ. ವೆಂಟಿಲೇಟರ್ ಮೇಲಿರೋ ಪೇಷಂಟನ್ನ ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟಿಂದ ಬೆಂಗಳೂರಿಗೆ ಕಳಿಸಬೇಕಾದ್ರೆ, ಅವರ ಟೀಮ್ ಬಂದು ಬಾಗಿಲಲ್ಲಿ ನಿಲ್ಲೋಷ್ಟರಲ್ಲಿ ನಾವು ಏನೇನು ಮಾಡಿ ಮುಗಿಸಿರಬೇಕು? ಇಂಟರ್ನೆಟ್‌ನಲ್ಲಿ ಸಿಗೋದೆಲ್ಲ ದೊಡ್ಡ ಜೆಟ್‌ಗಳ ಲೆಕ್ಕ. ನಾನು ಕೇಳ್ತಿರೋದು ಕಿಂಗ್ ಏರ್ ಥರದ ಸಣ್ಣ ವಿಮಾನದ್ದು. ಆಕ್ಸಿಜನ್ ಎಷ್ಟು, ಉಸಿರಿನ ಟ್ಯೂಬಿನ ಬಲೂನು, ಅಂದ್ರೆ ಕಫ್‌ಗೆ ಏನು ಮಾಡೋದು, ಚೆಸ್ಟ್ ಡ್ರೇನ್ (ಎದೆಯಿಂದ ಗಾಳಿ, ರಕ್ತ ಹೊರಗೆ ಬಿಡೋ ನಳಿಕೆ) ಇದ್ರೆ ಏನು. "ಬರ್ತಾರೆ, ಅವರೇ ನೋಡ್ಕೋತಾರೆ" ಅನ್ನೋ ಉತ್ತರ ಮಾತ್ರ ಬೇಡ.

ಬಿಸಿಲ್ನಾಡು
ಮೊದಲು ಇದನ್ನ ಹೇಳ್ರಿ, ವಿಮಾನ ಯಾಕ ಬೇಕು? ಬಳ್ಳಾರಿಯಿಂದ ಬೆಂಗಳೂರು ಸುಮಾರು 310 ಕಿ.ಮೀ. ಛಲೋ ಎಎಲ್‌ಎಸ್ ಗಾಡಿ (ವೆಂಟಿಲೇಟರ್ ಇರೋ ಆಂಬುಲೆನ್ಸ್) ಆರು ತಾಸಿನಾಗ ಮುಟ್ಟಸ್ತದ. ವಿಮಾನ ಮೊದಲು ಎಲ್ಲಿಂದಾರ ಖಾಲಿ ಬರಬೇಕು, ಆಮ್ಯಾಲೆ ಹೊಂಡಬೇಕು. ಮಂದಿ ಬರೇ "50 ನಿಮಿಷದ ಹಾರಾಟ" ಅನ್ನೋದೊಂದೇ ಕೇಳಿ ಹೊಲ ಮಾರಾಕ ಹೊಂಡ್ತಾರ.

ಅರಿವಳಿಕೆ_ರಾಯಚೂರು
ಬಿಸಿಲ್ನಾಡು ಹೇಳಿದ್ದರಲ್ಲಿ ಅರ್ಧ ಸರಿ. ಲೆಕ್ಕ ಹಾಕೋಣ.

ಫೋನ್ ಮಾಡಿದ ಮೇಲೆ ಪೈಲಟ್, ಇಂಧನ, ಪರ್ಮಿಷನ್, ಖಾಲಿ ಹಾರಿ ಬರೋದು ಎಲ್ಲ ಸೇರಿ ಎಲ್ಲವೂ ಸುಸೂತ್ರ ಆದ್ರೂ 2–3 ಗಂಟೆ. ಹಾಸಿಗೆ ಪಕ್ಕ ಪೇಷಂಟನ್ನ ಕಟ್ಟಿ ಸಿದ್ಧ ಮಾಡೋಕೆ 45 ನಿಮಿಷದಿಂದ 1 ಗಂಟೆ. ಬಳ್ಳಾರಿಯಿಂದ ತೋರಣಗಲ್ಲು ಹತ್ತಿರ ಹತ್ತಿರ 30 ಕಿ.ಮೀ., ಅದಿರು ಲಾರಿಗಳ ಮಧ್ಯೆ 45 ನಿಮಿಷ. ವಿಮಾನಕ್ಕೆ ಹತ್ತಿಸೋಕೆ 20, ಹಾರಾಟ 50, ಇಳಿಸೋಕೆ 20, ಅಲ್ಲಿಂದ ಆಸ್ಪತ್ರೆಗೆ ಬೆಂಗಳೂರು ಟ್ರಾಫಿಕ್‌ನಲ್ಲಿ 30–45. ನಿರ್ಧಾರ ಮಾಡಿದ ಕ್ಷಣದಿಂದ ಎಣಿಸಿದ್ರೆ ಆರು ಗಂಟೆ ದಾಟುತ್ತೆ, ರಸ್ತೆಯಷ್ಟೇ.

ಉಳಿತಾಯ ಆಗೋದು ಬೇರೆ ಸಮಯ. ಟೀಮ್ ಬರೋವರೆಗೆ ಪೇಷಂಟ್ ನಿಮ್ಮ ಐಸಿಯುನಲ್ಲೇ ಇರ್ತಾನೆ. ಗೋಡೆಯ ಆಕ್ಸಿಜನ್, ಎಬಿಜಿ (ರಕ್ತದ ಗ್ಯಾಸ್ ಪರೀಕ್ಷೆ), ಬ್ಲಡ್ ಎಲ್ಲ ಕೈಗೆ ಸಿಗುತ್ತೆ. ಹೊರಗೆ ಇರೋದು ಸುಮಾರು ಮೂರು ಗಂಟೆ, ರಸ್ತೆಯಲ್ಲಾದ್ರೆ ಆರು. ಆದ್ರೆ ರಸ್ತೆಯಲ್ಲಿ ಪೇಷಂಟನ್ನ ಎತ್ತಿ ಇಡೋದು ಎರಡು ಸಲ. ವಿಮಾನದಲ್ಲಿ ನಾಲ್ಕು ಸಲ: ಹಾಸಿಗೆಯಿಂದ ಗಾಡಿಗೆ, ಗಾಡಿಯಿಂದ ವಿಮಾನಕ್ಕೆ, ಮತ್ತೆ ಗಾಡಿಗೆ, ಮತ್ತೆ ಹಾಸಿಗೆಗೆ. ಟ್ಯೂಬ್ ಕಿತ್ತು ಬರೋದು, ಲೈನ್ ಜಾರೋದು ಎಲ್ಲ ಈ ಎತ್ತಿಡುವಾಗಲೇ. ಮೇಲೆ ಹಾರುವಾಗ ಆಗೋದು ಕಡಿಮೆ.

ಬಿಸಿಲ್ನಾಡು
ಅದನ್ನೇ ನಾ ಹೇಳಿದ್ದು ಡಾಕ್ಟ್ರ. ನಾಕು ಸಲ.

ಸಿಸ್ಟರ್_ಕೊಪ್ಪಳ
ಕೊಪ್ಪಳದಾಗ ಈ ವಾದಾನ ಬ್ಯಾಡ್ರಿ. ಹುಬ್ಬಳ್ಳಿ ಎರಡು ತಾಸಿನ ದಾರಿ, ನಾಕು ಲೈನ್ ರಸ್ತೆ ಐತಿ. ಗಿಣಿಗೇರಿ ಏರ್‌ಸ್ಟ್ರಿಪ್ ಐತೆಲ್ಲ ಅಂತ ಕೇಳ್ತಾರ, ಅದು ಖಾಸಗಿಯವರದು, ಅವರ ಒಪ್ಪಿಗಿ ಇಲ್ದ ಇಳಿಯಂಗಿಲ್ಲ. ರಾಯಚೂರಿನವರಿಗೆ ಯರಮರಸ್ ಏರ್‌ಪೋರ್ಟ್ ಶುರುವಾಗೋತನಕ ವಿಮಾನ ಹಿಡಿಯಾಕ ಕಲಬುರಗಿ, ಕರ್ನೂಲು ಇಲ್ಲಾ ತೋರಣಗಲ್ಲಿಗೆ ಹೋಗಬೇಕು. ಅಷ್ಟೊತ್ತಿಗೆ ಹೈದರಾಬಾದ್ ಅರ್ಧಕ್ಕಿಂತ ಹೆಚ್ಚು ಮುಗಿದಿರ್ತೈತಿ.

ಸ್ಟ್ರೆಚರ್_ತುದಿ
ವಾದ ಆಮೇಲೆ ಮಾಡಿ, ಕೇಳಿದ್ದಕ್ಕೆ ಮೊದಲು ಉತ್ತರ ಕೊಡೋಣ. ಆಕ್ಸಿಜನ್.

ವೆಂಟಿಲೇಟರ್ ಎಳೆಯೋ ಆಕ್ಸಿಜನ್ = ಮಿನಿಟ್ ವಾಲ್ಯೂಮ್ × (ಎಫ್‌ಐಒ2 − 0.21) ÷ 0.79. ಮಿನಿಟ್ ವಾಲ್ಯೂಮ್ ಅಂದ್ರೆ ನಿಮಿಷಕ್ಕೆ ಉಸಿರಾಡೋ ಒಟ್ಟು ಗಾಳಿ, ಎಫ್‌ಐಒ2 ಅಂದ್ರೆ ಅದರಲ್ಲಿ ಆಕ್ಸಿಜನ್ ಪಾಲು. ಮಿನಿಟ್ ವಾಲ್ಯೂಮ್ 8 ಲೀಟರ್, ಎಫ್‌ಐಒ2 0.6 ಅಂದ್ರೆ ನಿಮಿಷಕ್ಕೆ ಸುಮಾರು 4 ಲೀಟರ್. ಇದು ಟರ್ಬೈನ್ ವೆಂಟಿಲೇಟರ್‌ಗೆ. ಅದರ ಬಯಾಸ್ ಫ್ಲೋ (ಉಸಿರಿನ ನಡುವೆಯೂ ಹರಿಯೋ ಗ್ಯಾಸ್) ಎಷ್ಟು ಅಂತ ಮ್ಯಾನ್ಯುಯಲ್ ನೋಡಿ ಸೇರಿಸ್ಕೊಳ್ಳಿ. ಗ್ಯಾಸ್ ಒತ್ತಡದಿಂದಲೇ ಓಡೋ ಹಳೇ ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್ ಆದ್ರೆ ಇದಕ್ಕಿಂತ ತುಂಬಾ ಹೆಚ್ಚು ಕುಡಿಯುತ್ತೆ.

3½ ಗಂಟೆ ಅಂದ್ರೆ 210 ನಿಮಿಷ, 840 ಲೀಟರ್. ಎರಡರಷ್ಟು ಇಟ್ಕೊಳ್ಳಿ: ಸುಮಾರು 1,700. ತುಂಬಿದ ಬಿ ಟೈಪ್ ಸಿಲಿಂಡರ್‌ನಲ್ಲಿ ಇರೋದು ಸುಮಾರು 1,500 ಲೀಟರ್. ಒಂದು ಸಾಲಲ್ಲ.

ಗೇಜ್ ನೋಡಿ ಲೆಕ್ಕ ಹಾಕೋದು ಸುಲಭ. ಬಿ ಟೈಪ್‌ಗೆ 10 ಲೀಟರ್ ನೀರಿನ ಅಳತೆ, ಗೇಜ್‌ನಲ್ಲಿ 100 ಬಾರ್ ಇದ್ರೆ 10 × 100 = 1,000 ಲೀಟರ್. ಕೊನೇ 15ರಷ್ಟನ್ನ ಲೆಕ್ಕಕ್ಕೇ ಹಿಡೀಬೇಡಿ.

ಮಾಸ್ಕ್ ಪೇಷಂಟ್ ಆದ್ರೆ ಇನ್ನೂ ಕಷ್ಟ. ಎನ್‌ಆರ್‌ಬಿಎಂ (ಚೀಲ ಇರೋ ಮಾಸ್ಕ್) 15 ಲೀಟರ್‌ನಲ್ಲಿ ಅದೇ ಸಿಲಿಂಡರ್ 100 ನಿಮಿಷಕ್ಕೆ ಖಾಲಿ. ಎಚ್‌ಎಫ್‌ಎನ್‌ಸಿ (ಮೂಗಿಗೆ ಜೋರು ಹರಿವಿನ ಆಕ್ಸಿಜನ್) 60 ಲೀಟರ್‌ನಲ್ಲಿ ಅಂದ್ರೆ ಗಂಟೆಗೆ 3,600 ಲೀಟರ್, ಆ ಮಾತೇ ಬೇಡ. ಅಂಥ ಪೇಷಂಟನ್ನ ಎನ್‌ಐವಿ (ಟ್ಯೂಬ್ ಇಲ್ಲದೆ ಮಾಸ್ಕ್ ಮೂಲಕ ವೆಂಟಿಲೇಟರ್) ಮೇಲೆ ಸಾಗಿಸೋಕೆ ಆಗುತ್ತಾ, ಇಲ್ಲಾ ಟ್ಯೂಬ್ ಹಾಕಿಯೇ ಕಳಿಸಬೇಕಾ ಅಂತ ಹೊರಡೋ ಮುಂಚೆಯೇ ತೀರ್ಮಾನ ಆಗಬೇಕು.

ಗುಡ್ಡದ_ಕೆಳಗೆ
ಧನ್ಯವಾದ ಸರ್. ಸಿಲಿಂಡರ್ ನಾವು ಕೊಡಬೇಕಾ, ವಿಮಾನದಲ್ಲಿ ಇರುತ್ತಾ?

ಸ್ಟ್ರೆಚರ್_ತುದಿ
ವಿಮಾನದಲ್ಲಿ ಅವರದ್ದು ಇರುತ್ತೆ. ತೋರಣಗಲ್ಲಿನವರೆಗೆ ಗಾಡಿಯದ್ದು. ತೊಂದರೆ ಬರೋದು ಎರಡರ ಸಂದಿಯಲ್ಲಿ.

ಒಂದು, ಪಿನ್. ನಿಮ್ಮ ಗೋಡೆಯ ಔಟ್‌ಲೆಟ್ ಒಂದು ಥರ, ಗಾಡಿಯದ್ದು ಇನ್ನೊಂದು, ಅವರ ವೆಂಟಿಲೇಟರ್ ಹೋಸ್ ಮೂರನೇ ಥರ. ಹೋಸ್ ಕೈಯಲ್ಲಿ ಹಿಡ್ಕೊಂಡು ಅಡಾಪ್ಟರ್ ಹುಡುಕೋ ಪರಿಸ್ಥಿತಿ ಬರಬಾರದು ಅಂದ್ರೆ, ಫೋನ್‌ನಲ್ಲೇ ನಿಮ್ಮ ಔಟ್‌ಲೆಟ್ ಫೋಟೋ ಕಳಿಸಿ.

ಎರಡು, ಸಿಲಿಂಡರ್ ಕೀ. ಗೇಜ್ ಫುಲ್, ತೆಗೆಯೋಕೆ ಕೀ ಇಲ್ಲ. ಪ್ರತಿ ಸಿಲಿಂಡರ್‌ಗೂ ಒಂದೊಂದು ಕೀ, ಅದರ ಕುತ್ತಿಗೆಗೇ ಕಟ್ಟಿರಲಿ. ರೆಗ್ಯುಲೇಟರ್ ವಾಷರ್ ಎರಡು ಜೇಬಲ್ಲಿ ಇಟ್ಕೊಳ್ಳಿ. ಬಿಗಿ ಆಗ್ತಿಲ್ಲ ಅಂತ ಎಣ್ಣೆ, ಗ್ರೀಸ್ ಹಚ್ಚೋ ಕೆಲಸ ಯಾರೂ ಮಾಡಬಾರದು, ಬೆಂಕಿ ಹತ್ತುತ್ತೆ.

ಮೂರು, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡೋ ಚೀಲ). ಪೇಷಂಟಿನ ತಲೆ ಪಕ್ಕದಲ್ಲೇ ಇರಬೇಕು, ಗಾಡಿಯ ಡ್ರಾಯರ್‌ನಲ್ಲಲ್ಲ.

ಎಪಿಎಂಸಿ_ಗೇಟ್
ಕೀ ವಿಷಯ ಅಪ್ಪಟ ಸತ್ಯ. ಎಷ್ಟು ಲಕ್ಷದ ವಿಮಾನ ಆದ್ರೂ 50 ರೂಪಾಯಿ ಪಾನಾ ಇಲ್ದಿದ್ರೆ ನೆಲ ಬಿಡಲ್ಲ.

ಅರಿವಳಿಕೆ_ರಾಯಚೂರು
ಈಗ ಎತ್ತರದ ವಿಷಯ. ಕ್ಯಾಬಿನ್ ಎತ್ತರ 8,000 ಅಡಿಗೆ ಹೋದ್ರೆ ಗಾಳಿಯ ಒತ್ತಡ ಸುಮಾರು 565 ಮಿ.ಮೀ. ಪಾದರಸ. ಬಳ್ಳಾರಿಯಲ್ಲಿ ಸುಮಾರು 720. ಅಲ್ಲಿ ಬೇಕಾಗೋ ಎಫ್‌ಐಒ2 = ಇಲ್ಲಿನ ಎಫ್‌ಐಒ2 × 720 ÷ 565.

ಇಲ್ಲಿ 0.4ರಲ್ಲಿ ಚೆನ್ನಾಗಿರೋನಿಗೆ ಅಲ್ಲಿ 0.51. 0.6 ಇದ್ದವನಿಗೆ 0.76. 0.8 ಇದ್ದವನಿಗೆ 1.02, ಅಂದ್ರೆ ಶುದ್ಧ ಆಕ್ಸಿಜನ್ ಕೊಟ್ರೂ ಸಾಲಲ್ಲ. ಪೇಷಂಟ್ ಈಗ ಇರೋ ಎಫ್‌ಐಒ2, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸೋ ಒತ್ತಡ), ಸ್ಯಾಚುರೇಷನ್ ಮೂರನ್ನೂ ಆಪರೇಟರ್‌ಗೆ ಮೊದಲ ಫೋನ್‌ನಲ್ಲೇ ಹೇಳಿ. 0.6 ಮೇಲಿದ್ರೆ "ಸೀ ಲೆವೆಲ್ ಕ್ಯಾಬಿನ್ ಬೇಕು" ಅಂತ ಕೇಳಿ. ಪೈಲಟ್ ಕೆಳಗೆ ಹಾರಿ ಕ್ಯಾಬಿನ್ ಒತ್ತಡ ನೆಲದ ಮಟ್ಟದಲ್ಲಿ ಇಡ್ತಾರೆ, ಇಂಧನ ಸ್ವಲ್ಪ ಹೆಚ್ಚು ಉರಿಯುತ್ತೆ ಅಷ್ಟೇ.

ವಿಂಡ್‌ಸಾಕ್
ಡಾಕ್ಟರ್ ಸಾಹೇಬ್ರೇ, ಸಣ್ಣ ತಿದ್ದುಪಡಿ. ಬೆಂಗಳೂರು ಇರೋದೇ 3,000 ಅಡಿ ಎತ್ತರದಲ್ಲಿ. ಅಲ್ಲಿ ಇಳಿಯುವಾಗ ಕ್ಯಾಬಿನ್ ಒತ್ತಡ ಹೊರಗಿನ ಒತ್ತಡಕ್ಕೆ ಬಂದು ನಿಲ್ಲಲೇಬೇಕು, ಇಲ್ದಿದ್ರೆ ಬಾಗಿಲು ತೆಗೆಯೋಕೆ ಆಗಲ್ಲ. ಹಾಗಾಗಿ ಸೀ ಲೆವೆಲ್ ಕೇಳಿ ಪ್ರಯೋಜನ ಇಲ್ಲ. "ಕ್ಯಾಬಿನ್ 3,000 ಅಡಿ ದಾಟಬಾರದು" ಅಂತ ಕೇಳಿ. ಕಿಂಗ್ ಏರ್ ಬಿ200 ಆದ್ರೆ ಒಳಗೆ ಹೊರಗೆ ಸುಮಾರು 6.5 ಪಿಎಸ್‌ಐ ವ್ಯತ್ಯಾಸ ತಡೆಯುತ್ತೆ. 15,000 ಅಡಿಯಲ್ಲಿ ಹಾರ್ತಾ ಇದ್ರೂ ಒಳಗೆ ಸಮುದ್ರಮಟ್ಟ ಇಡಬಹುದು. ಬಳ್ಳಾರಿ–ಬೆಂಗಳೂರು ಅಷ್ಟು ಚಿಕ್ಕ ದಾರಿಗೆ 3,000 ಅಡಿ ಕ್ಯಾಬಿನ್ ಕೊಡೋದು ಪೈಲಟ್‌ಗೆ ಕಷ್ಟದ ಕೆಲಸವೇ ಅಲ್ಲ. ಮಳೆಗಾಲದಲ್ಲಿ ಮೋಡ ತಪ್ಪಿಸೋಕೆ ಮೇಲೆ ಹೋಗಬೇಕಾದ್ರೆ ಮಾತ್ರ ಮಾತು ಬೇರೆ, ಅದನ್ನ ಹಾರೋ ಮುಂಚೆ ಡಾಕ್ಟರ್‌ಗೆ ಹೇಳ್ತಾರೆ.

ಅರಿವಳಿಕೆ_ರಾಯಚೂರು
ಸರಿಯಾದ ಮಾತು, ಒಪ್ಪಿದೆ. 3,000 ಅಡಿಗೆ ಒತ್ತಡ ಸುಮಾರು 680. ಆಗ 0.8 ಇದ್ದವನಿಗೆ 0.85 ಸಾಕು. ಇನ್ನೊಂದು ಇದೇ ಲೆಕ್ಕದಲ್ಲಿ ಬರುತ್ತೆ: ರಸ್ತೆ ಮೇಲೆ ಹೋದ್ರೂ ಪೇಷಂಟ್ ಅದೇ 3,000 ಅಡಿ ಹತ್ತುತ್ತಾನೆ. "ವಿಮಾನದಲ್ಲಿ ಗಾಳಿ ಹಿಗ್ಗುತ್ತೆ, ಅದಕ್ಕೇ ರಸ್ತೆ ಮೇಲೆ ಕಳಿಸಿದ್ವಿ" ಅನ್ನೋರು ಇದನ್ನ ಮರೀತಾರೆ.

ಸಿಸ್ಟರ್_ಕೊಪ್ಪಳ
ಕಫ್ ಬಗ್ಗೆ ಯಾರೂ ಬರೀಲಿಲ್ಲ. ಮ್ಯಾನೋಮೀಟರ್ ಇಟ್ಟು 20–30 ಸೆಂ.ಮೀ. ನೀರಿನ ಒತ್ತಡದಾಗ ಇರಬೇಕು. ಏರುವಾಗ ಕಫ್ ಹಿಗ್ಗಿ ಶ್ವಾಸನಾಳ ಒತ್ತತೈತಿ, ಗಾಳಿ ತಗೀಬೇಕು. ಇಳಿಯುವಾಗ ಅದು ಕುಗ್ಗಿ ಲೀಕ್ ಆಕ್ಕೈತಿ, ಮತ್ತ ತುಂಬಬೇಕು. ಏರುವಾಗ ತಗದು ಇಳಿಯುವಾಗ ಮರತ್ರ, ಟೈಡಲ್ ವಾಲ್ಯೂಮ್ ಬೀಳತೈತಿ, ಲೋ ಪ್ರೆಶರ್ ಅಲಾರಂ ಹೊಡಿತೈತಿ, ಎಂಜಿನ್ ಸದ್ದಿನಾಗ ಅದು ಕೇಳಂಗಿಲ್ಲ.

ತುಂಗಭದ್ರೆ_ದಂಡಿ
ಅಷ್ಟೆಲ್ಲ ಯಾಕ್ರಿ ಅಕ್ಕಾರ, ಕಫ್‌ಗೆ ಗಾಳಿ ಬದಲು ಸಲೈನ್ ತುಂಬಿಬಿಟ್ರ ಮುಗೀತು. ನೀರು ಹಿಗ್ಗಲ್ಲ.

ಸಿಸ್ಟರ್_ಕೊಪ್ಪಳ
ಹಿಗ್ಗಲ್ಲ ಖರೆ. ಆದ್ರ ಎಷ್ಟು ಒತ್ತಡ ಐತಿ ಅಂತ ಸಾದಾ ಮ್ಯಾನೋಮೀಟರ್‌ನಾಗ ಅಳಿಯಾಕ ಬರಂಗಿಲ್ಲ. ಅಂದಾಜಿಗೆ 10 ಎಂಎಲ್ ತುಂಬಿದ್ರ ನೆಲದ ಮ್ಯಾಲೇ ಒತ್ತಡ ಹೆಚ್ಚಾಗಿರ್ತೈತಿ, ಮುಟ್ಟಿದ ಮ್ಯಾಲೆ ಅದನ್ನ ಪೂರ್ತಿ ಹೊರಗ ತಗಿಯೂದೂ ತಾಪತ್ರಯ. ಮ್ಯಾನೋಮೀಟರ್ ಇಲ್ಲದ ಕಡೆ ಸಲೈನ್ ಅನ್ನಬಹುದು. ಇದ್ದ ಕಡೆ ಗಾಳಿ, ಮತ್ತ ಅಳತಿ. ಕ್ಯಾಬಿನ್ 3,000 ಅಡಿಯಾಗ ಇಟ್ರ ಹಿಗ್ಗೂದು ಶೇ 5–6 ಅಷ್ಟ, 8,000ಕ್ಕ ಹೋದ್ರ ಶೇ 30ರ ಹತ್ರ.

ಅರಿವಳಿಕೆ_ರಾಯಚೂರು
ಸಿಸ್ಟರ್ ಹೇಳಿದ್ದೇ ಸರಿ. ಸಲೈನ್ ತುಂಬಿದ್ರೆ ಟ್ಯೂಬ್‌ಗೆ ಒಂದು ಲೇಬಲ್ ಆದ್ರೂ ಅಂಟಿಸಿ. ಇಲ್ದಿದ್ರೆ ಬೆಂಗಳೂರಲ್ಲಿ ಯಾರೋ ಅದರ ಮೇಲೆ ಗಾಳಿ ತುಂಬ್ತಾರೆ.

ಹಿಗ್ಗೋ ಗಾಳಿ ಕಫ್‌ನಲ್ಲಿ ಮಾತ್ರ ಇರಲ್ಲ. ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರೋದು) ಎಷ್ಟೇ ಚಿಕ್ಕದಿದ್ರೂ, ವೆಂಟಿಲೇಟರ್ ಮೇಲಿರೋ ಪೇಷಂಟ್‌ಗೆ ಹಾರೋ ಮುಂಚೆಯೇ ಡ್ರೇನ್ ಹಾಕಬೇಕು. ಅವತ್ತಿನ ಎಕ್ಸ್‌ರೇ ಕಡ್ಡಾಯ, ನಿನ್ನೆಯದ್ದು ನಡೆಯಲ್ಲ. ತಲೆ ಸಿಟಿಯಲ್ಲಿ ಗಾಳಿ ಕಂಡ್ರೆ ಕ್ಯಾಬಿನ್ ಎತ್ತರದ ಮಾತು ಖಡಾಖಂಡಿತ ಆಗಬೇಕು. ಕಣ್ಣಿನ ರೆಟಿನಾ ಆಪರೇಷನ್‌ನಲ್ಲಿ ಗ್ಯಾಸ್ ಬಿಟ್ಟಿದ್ರೆ ಅದು ಕರಗೋವರೆಗೆ ಹಾರೋ ಹಾಗೇ ಇಲ್ಲ. ಮೂಗಿನ ನಳಿಕೆ, ಅಂದ್ರೆ ಆರ್‌ಟಿ, ಮುಚ್ಚಳ ಹಾಕದೆ ಬ್ಯಾಗ್‌ಗೆ ಬಿಡಿ. ಹೊಟ್ಟೆ ಉಬ್ಬಿದ್ರೆ ಡಯಾಫ್ರಮ್ ಮೇಲೆ ಒತ್ತುತ್ತೆ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತೆ. ಸ್ಟೋಮಾ ಬ್ಯಾಗ್ (ಹೊಟ್ಟೆಗೆ ಅಂಟಿಸಿದ ಮಲದ ಚೀಲ) ಇದ್ರೆ ಹೊಸದು ಹಾಕಿ ಗಾಳಿ ಬಿಡೋ ಜಾಗ ತೆಗೆದಿಡಿ.

ಸ್ಟ್ರೆಚರ್_ತುದಿ
ಡ್ರೇನ್ ಇದ್ದವರಿಗೆ: ಅಂಡರ್‌ವಾಟರ್ ಬಾಟಲ್ ಸ್ಟ್ರೆಚರ್ ಮೇಲೆ ಮಲಗುತ್ತೆ, ಎತ್ತುವಾಗ ಎದೆಗಿಂತ ಮೇಲೆ ಹೋಗುತ್ತೆ, ನೀರು ವಾಪಸ್ ಒಳಗೆ. ಅದಕ್ಕೇ ಒಂದೇ ದಿಕ್ಕಿಗೆ ಬಿಡೋ ಹೈಮ್ಲಿಕ್ ವಾಲ್ವ್ ಇರೋ ಬ್ಯಾಗ್ ಹಾಕಿ. ವಾಲ್ವ್‌ನ ದಿಕ್ಕು ಎರಡು ಸಲ ನೋಡಿ, ನೀಲಿ ತುದಿ ಪೇಷಂಟ್ ಕಡೆ. ಉಲ್ಟಾ ಹಾಕಿದ್ರೆ ಡ್ರೇನ್ ಮುಚ್ಚಿದಂಗೆ. ವೆಂಟಿಲೇಟರ್ ಪೇಷಂಟಿನ ಡ್ರೇನ್‌ಗೆ ಕ್ಲಾಂಪ್ ಹಾಕಿ ಸಾಗಿಸಲೇಬೇಡಿ. "ಶಿಫ್ಟಿಂಗ್‌ಗೆ ಒಂದು ನಿಮಿಷ" ಅಂತ ಹಾಕಿದ ಕ್ಲಾಂಪ್ ತೆಗೆಯೋಕೆ ಮರೆತ್ರೆ ಟೆನ್ಷನ್ ನ್ಯೂಮೋಥೊರಾಕ್ಸ್.

ಇದುವರೆಗೆ ಯಾರೂ ಹೇಳದ ಒಂದು ವಿಷಯ. ಸಣ್ಣ ವಿಮಾನದಲ್ಲಿ ಸ್ಟ್ರೆಚರ್‌ನ ಒಂದು ಪಕ್ಕ ಗೋಡೆಗೆ ತಾಗಿರುತ್ತೆ. ಆ ಕಡೆ ಕೈಗೆ ಹಾಕಿದ ಲೈನ್ ಇದ್ದೂ ಇಲ್ಲದಂಗೆ. ಯಾವ ಪಕ್ಕ ಗೋಡೆ, ತಲೆ ಯಾವ ಕಡೆ ಅಂತ ಮೊದಲೇ ಕೇಳಿ, 18 ನಂಬರ್ ಕ್ಯಾನುಲಾ ಎರಡು ಇರಲಿ, ಔಷಧ ಕೊಡೋ ಪೋರ್ಟ್ ತೆರೆದ ಪಕ್ಕಕ್ಕೆ ಬರೋ ಹಾಗೆ ಉದ್ದ ಎಕ್ಸ್‌ಟೆನ್ಷನ್ ಹಾಕಿ. ಯೂರಿನ್ ಬ್ಯಾಗ್, ಡ್ರೇನ್ ಬ್ಯಾಗ್ ಎರಡೂ ಅದೇ ಪಕ್ಕಕ್ಕೆ.

ಗುಡ್ಡದ_ಕೆಳಗೆ
ಇದು ನಿಜಕ್ಕೂ ಹೊಳೆದಿರಲಿಲ್ಲ. ಇನ್ಫ್ಯೂಷನ್ ಯಾವ ಸಾಂದ್ರತೆಯಲ್ಲಿ ಕೊಟ್ರೆ ಅವರಿಗೆ ಅನುಕೂಲ?

ಸಿಸ್ಟರ್_ಕೊಪ್ಪಳ
ಹನಿ ಲೆಕ್ಕದ ಡ್ರಿಪ್ ಒಂದೂ ಬ್ಯಾಡ. ಕ್ಯಾಬಿನ್ ಗಿಡ್ಡ, ಬಾಟಲಿ ತೂಗ ಹಾಕಾಕ ಎತ್ತರ ಸಿಗಂಗಿಲ್ಲ. ಎಲ್ಲಾ ಸಿರಿಂಜ್ ಪಂಪ್. ಫ್ಲೂಯಿಡ್‌ಗೆ ಮೆತ್ತನೆ ಪ್ಲಾಸ್ಟಿಕ್ ಬ್ಯಾಗ್ ಮತ್ತ ಪ್ರೆಶರ್ ಬ್ಯಾಗ್. ಗಾಜಿನ ಬಾಟಲಿ ಒಯ್ಯಬ್ಯಾಡ್ರಿ.

ಬಿಪಿ ಏರಿಸೋ ನಾರ್‌ಅಡ್ರಿನಲಿನ್ 4 ಮಿ.ಗ್ರಾಂ 50 ಎಂಎಲ್‌ನಾಗ ಅಂದ್ರ ಎಂಎಲ್‌ಗೆ 80 ಮೈಕ್ರೋಗ್ರಾಂ. 70 ಕೆ.ಜಿ. ಪೇಷಂಟ್‌ಗೆ ನಿಮಿಷಕ್ಕ ಕೆ.ಜಿ.ಗೆ 0.1 ಮೈಕ್ರೋಗ್ರಾಂ ಓಡಸ್ತಿದ್ರ ತಾಸಿಗೆ 5 ಎಂಎಲ್ ಚಿಲ್ರಿ. ಒಂದು ಸಿರಿಂಜ್ ದಾರಿ ಪೂರ್ತಿ ಬರತೈತಿ, ಆದ್ರೂ ತುಂಬಿದ ಇನ್ನೊಂದು ಸಿರಿಂಜ್ ಲೇಬಲ್ ಹಚ್ಚಿ ಇರಲಿ. ನಿಮ್ಮ ಪಂಪ್‌ನಿಂದ ಅವರ ಪಂಪ್‌ಗೆ ಬದಲಿ ಮಾಡುವಾಗ ಹೊಸಾದು ಶುರುವಾಗಿ ಬಿಪಿ ಏರಾಕ ಹತ್ತಿದ ಮ್ಯಾಲೆ ಹಳೇದು ನಿಲ್ಲಸ್ರಿ. ಮೊದಲು ತಗದು ಆಮ್ಯಾಲೆ ಹಾಕಿದ್ರ ಆ ಎರಡು ನಿಮಿಷದಾಗ ಬಿಪಿ ಪಾತಾಳಕ್ಕ.

ಅರಿವಳಿಕೆ_ರಾಯಚೂರು
ಅದಕ್ಕಿಂತ ಮುಖ್ಯ: ಅವರ ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್‌ಗೆ ಪೇಷಂಟನ್ನ ನಿಮ್ಮ ಐಸಿಯುನಲ್ಲೇ ಹಾಕಿ 15–20 ನಿಮಿಷ ನೋಡಿ, ಎಬಿಜಿ ತೆಗೆಸಿ, ಆಮೇಲೆ ಹೊರಡಲಿ. ಗಡಿಬಿಡಿಯಲ್ಲಿ ಎಲ್ಲರೂ ಬಿಡೋದು ಇದನ್ನೇ. ಪೀಪ್ 10 ಮೇಲಿದ್ರೆ ವೆಂಟಿಲೇಟರ್ ಬದಲಿಸುವಾಗ ಟ್ಯೂಬನ್ನ ಉಸಿರು ಒಳಗೆ ತುಂಬಿದ ಹಂತದಲ್ಲಿ ಕ್ಲಾಂಪ್ ಮಾಡಿ ಬದಲಿಸಿ, ಇಲ್ದಿದ್ರೆ ತೆರೆದಿದ್ದ ಶ್ವಾಸಕೋಶ ಕುಸಿದು ಮತ್ತೆ ತೆರೆಯೋಕೆ ಅರ್ಧ ಗಂಟೆ. ಈ ಕ್ಲಾಂಪ್ ಉಸಿರಿನ ಟ್ಯೂಬ್‌ಗೆ, ಮೇಲೆ ಹೇಳಿದ ಡ್ರೇನ್‌ಗಲ್ಲ. ಬದಲಿಸಿದ ಕೂಡಲೇ ತೆಗೀರಿ.

ಟ್ಯೂಬ್ ತುಟಿ ಹತ್ತಿರ ಎಷ್ಟು ಸೆಂ.ಮೀ.ನಲ್ಲಿದೆ ಅಂತ ಹಣೆ ಮೇಲಿನ ಪ್ಲಾಸ್ಟರ್‌ನಲ್ಲೇ ಬರೀರಿ. ಕ್ಯಾಪ್ನೋಗ್ರಾಫ್ (ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಲೆ ತೋರಿಸೋ ಯಂತ್ರ) ಇಲ್ಲದ ಟೀಮ್ ಜೊತೆ ಕಳಿಸಬೇಡಿ. ಎಂಜಿನ್ ಸದ್ದಿನಲ್ಲಿ ಸ್ಟೆತೊಸ್ಕೋಪ್ ಬರೀ ಕೊರಳಿನ ಅಲಂಕಾರ. ಟ್ಯೂಬ್ ಜಾಗದಲ್ಲಿದೆಯಾ ಅನ್ನೋದಕ್ಕೆ ಆ ಅಲೆ ಒಂದೇ ಸಾಕ್ಷಿ.

ತೋರಣಗಲ್ಲು_ಶಿಫ್ಟ್
ಸ್ಟೀಲ್ ಪ್ಲಾಂಟ್, ಸ್ಪಾಂಜ್ ಐರನ್ ಕಡೆಯ ಕೇಸ್‌ಗಳಿಗೂ ಒಂದು ಪ್ಯಾರಾ ಬರೀರಿ. ಬಿಸಿ ಲೋಹ, ಗ್ಯಾಸ್ ಲೀಕ್.

ಅರಿವಳಿಕೆ_ರಾಯಚೂರು
ಬ್ಲಾಸ್ಟ್ ಫರ್ನೇಸ್ ಗ್ಯಾಸ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಬೆರಳಿನ ಪಲ್ಸ್ ಆಕ್ಸಿಮೀಟರ್ 98 ತೋರಿಸ್ತಿದ್ರೂ ರಕ್ತದಲ್ಲಿ ಸಾಕಷ್ಟು ಆಕ್ಸಿಜನ್ ಇರಲ್ಲ, ಆ ಯಂತ್ರಕ್ಕೆ ಎರಡರ ವ್ಯತ್ಯಾಸ ಗೊತ್ತಾಗಲ್ಲ. 100% ಆಕ್ಸಿಜನ್ ಮೊದಲ ಕ್ಷಣದಿಂದ. ಸಾಧ್ಯವಾದ್ರೆ ಕೋ-ಆಕ್ಸಿಮೀಟರ್ (ಕಾರ್ಬನ್ ಮಾನಾಕ್ಸೈಡ್ ಪಾಲನ್ನ ಬೇರೆಯಾಗಿ ಅಳೆಯೋದು) ಇರೋ ಎಬಿಜಿ. ಇಂಥವರನ್ನ ತಕ್ಷಣ ಎತ್ತರಕ್ಕೆ ಒಯ್ದರೆ ಇದ್ದ ಕೊರತೆಯ ಮೇಲೆ ಇನ್ನೊಂದು ಕೊರತೆ.

ಮುಖ ಸುಟ್ಟಿದ್ರೆ, ದನಿ ಗೊಗ್ಗರಾಗಿದ್ರೆ, ಮೂಗಿನ ಕೂದಲು ಕಮರಿದ್ರೆ ನೆಲದ ಮೇಲೇ ಟ್ಯೂಬ್ ಹಾಕಿ. ಎರಡು ಗಂಟೆ ಬಿಟ್ಟು ಬಾವು ಏರಿದ ಮೇಲೆ, ಬಗ್ಗಿ ಕೂತ ಕ್ಯಾಬಿನ್‌ನಲ್ಲಿ ಯಾರಿಗೂ ಆಗಲ್ಲ. ಟ್ಯೂಬನ್ನ ಪ್ಲಾಸ್ಟರ್‌ನಿಂದಲ್ಲ, ಹತ್ತಿ ಲಾಡಿಯಿಂದ ಕಟ್ಟಿ. ಸುಟ್ಟ ಚರ್ಮಕ್ಕೆ ಪ್ಲಾಸ್ಟರ್ ಹಿಡಿಯಲ್ಲ, ಬಾವು ಏರಿದಂಗೆ ಲಾಡಿ ಸಡಿಲಿಸ್ತಾ ಹೋಗಬೇಕು.

ಫ್ಲೂಯಿಡ್: ದೊಡ್ಡವರಿಗೆ 2 ಎಂಎಲ್ × ತೂಕ × ಸುಟ್ಟ ಶೇಕಡಾ. 60 ಕೆ.ಜಿ., 40% ಅಂದ್ರೆ 24 ಗಂಟೆಗೆ 4,800 ಎಂಎಲ್ ರಿಂಗರ್ ಲ್ಯಾಕ್ಟೇಟ್, ಅರ್ಧ ಮೊದಲ 8 ಗಂಟೆಯಲ್ಲಿ. ಆ 8 ಗಂಟೆ ಸುಟ್ಟ ಹೊತ್ತಿಂದ ಎಣಿಸೋದು, ಆಸ್ಪತ್ರೆಗೆ ಬಂದ ಹೊತ್ತಿಂದ ಅಲ್ಲ. ಕರೆಂಟ್ ಹೊಡೆದಿದ್ರೆ 4 ಎಂಎಲ್‌ನಿಂದ ಶುರು. ಕರೆಂಟ್ ಕೇಸ್ ಅಲ್ಲದವರಿಗೆ ಮೂತ್ರ ಗಂಟೆಗೆ 30 ಎಂಎಲ್ ಬರ್ತಿದೆಯಾ ನೋಡ್ಕೊಂಡು ಏರಿಸಿ ಇಳಿಸಿ. ಎದೆ ಸುತ್ತ ಪೂರ್ತಿ ಸುಟ್ಟು ಗಟ್ಟಿಯಾಗಿದ್ರೆ ಎಸ್ಕಾರಾಟಮಿ (ಆ ಗಟ್ಟಿ ಚರ್ಮ ಸೀಳಿ ಸಡಿಲಿಸೋದು) ಹಾರೋ ಮುಂಚೆ.

ಬಿಸಿಲ್ನಾಡು
ಹಾವು ಕಡದವರನ್ನೂ ವಿಮಾನದಾಗ ಒಯ್ಯಬೇಕಂತ ಕೇಳ್ತಾರ ಈಗ. ಎಎಸ್‌ವಿ (ಹಾವಿನ ವಿಷಕ್ಕ ಮದ್ದು) ತಾಲೂಕು ಆಸ್ಪತ್ರ್ಯಾಗೇ ಅದ.

ಅರಿವಳಿಕೆ_ರಾಯಚೂರು
ಇಲ್ಲಿ ನಿಮ್ಮ ಜೊತೆ ಪೂರ್ತಿ ಒಪ್ಪಿಗೆ. ವಿಷ ಏರಿದ ಲಕ್ಷಣ ಇದ್ರೆ 10 ವಯಲ್ ಎಎಸ್‌ವಿ ಅಲ್ಲೇ ಶುರು, 20 ನಿಮಿಷದ ರಕ್ತ ಹೆಪ್ಪು ಪರೀಕ್ಷೆ ಅಲ್ಲೇ, ಕಟ್ಟುಹಾವಿನ (ಕ್ರೇಟ್) ಕೇಸ್‌ನಲ್ಲಿ ರೆಪ್ಪೆ ಇಳಿದು ಉಸಿರು ಸೋಲ್ತಿದ್ರೆ ಟ್ಯೂಬ್ ಅಲ್ಲೇ. ಆಮೇಲೆ ಬೇಕಾಗೋದು ಒಂದು ವೆಂಟಿಲೇಟರ್, ಅದು ಜಿಲ್ಲೆಯಲ್ಲೇ ಇದೆ. ಹಾರ್ಟ್ ಅಟ್ಯಾಕೂ ಅಷ್ಟೇ. ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಹತ್ತಿರದ ಆಸ್ಪತ್ರೆಯಲ್ಲಿ ಮೊದಲು, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರೋದೇ ಅದಕ್ಕೆ. ರಾಯಚೂರಿನವರಿಗೆ ಕಲಬುರಗಿಯಲ್ಲೇ ಜಯದೇವ ಇದೆ. ವಿಮಾನಕ್ಕೆ ಕಾಯ್ತಾ ಚುಚ್ಚುಮದ್ದು ತಡ ಮಾಡಿದ್ರೆ ಹೃದಯದ ಸ್ನಾಯು ಕಾಯಲ್ಲ.

ಎಪಿಎಂಸಿ_ಗೇಟ್
ಹಂಪಿಗೆ ಟೂರಿಸ್ಟ್ ಹೆಲಿಕಾಪ್ಟರ್ ಬರುತ್ತಲ್ಲ, ಅದನ್ನೇ ಆಂಬುಲೆನ್ಸ್ ಮಾಡಿದ್ರೆ? ಋಷಿಕೇಶದ ಏಮ್ಸ್‌ನಲ್ಲಿ ಮಾಡಿದಾರಂತೆ.

ವಿಂಡ್‌ಸಾಕ್
ಋಷಿಕೇಶದ್ದು 2024ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಅದು ಬೆಟ್ಟದ ನಾಡು, ರಸ್ತೆ ಅಂದ್ರೆ ಇಡೀ ದಿನ. ಅಲ್ಲಿಗೆ ಅದು ಸರಿ. ಟೂರಿಸ್ಟ್ ಹೆಲಿಕಾಪ್ಟರ್‌ಗೆ ಸ್ಟ್ರೆಚರ್ ಹೂಡೋಕೆ ಅನುಮೋದನೆ ಆದ ಕಿಟ್ ಬೇಕು, ಸೀಟು ಕಿತ್ತು ಮಲಗಿಸೋದಲ್ಲ. ಕೆಳಗೇ ಹಾರೋದರಿಂದ ಒತ್ತಡದ ತೊಂದರೆ ಕಡಿಮೆ, ಅದು ಒಳ್ಳೇದು. ಆದ್ರೆ ಅಲುಗಾಟ, ಸದ್ದು, ಜಾಗ ಮೂರೂ ಕಿಂಗ್ ಏರ್‌ಗಿಂತ ಕಷ್ಟ. ನಮ್ಮ ಏಪ್ರಿಲ್ ಮೇ ಬಿಸಿಲಲ್ಲಿ 42 ಡಿಗ್ರಿಗೆ ಗಾಳಿ ತೆಳುವಾಗಿ ಹೆಲಿಕಾಪ್ಟರ್ ಎತ್ತೋ ತೂಕವೇ ಇಳಿಯುತ್ತೆ. ಡಾಕ್ಟರ್, ಟೆಕ್ನಿಷಿಯನ್, ಸಿಲಿಂಡರ್ ಇವುಗಳಲ್ಲಿ ಒಂದನ್ನ ಬಿಡಿ ಅನ್ನೋ ಪರಿಸ್ಥಿತಿ ಬರುತ್ತೆ. ಎಂದಾದ್ರೂ ಬಂತು ಅಂತಿಟ್ಕೊಳ್ಳಿ, ಹಿಂದಿನ ರೆಕ್ಕೆ ಕಡೆಯಿಂದ ಯಾರೂ ಹೋಗಬಾರದು, ಪೈಲಟ್ ಸನ್ನೆ ಮಾಡೋವರೆಗೆ ಹತ್ತಿರ ಹೋಗಬಾರದು, ಐವಿ ಸ್ಟ್ಯಾಂಡ್ ಎತ್ತರಕ್ಕೆ ಹಿಡೀಬಾರದು, ಸ್ಟ್ರೆಚರ್ ಮೇಲೆ ಬಿಡಿ ಬೆಡ್‌ಶೀಟ್ ಇರಬಾರದು.

ಬಿಸಿಲಿನ ಮಾತು ಬಂತಲ್ಲ, ಕಿಂಗ್ ಏರ್‌ಗೂ ಅನ್ವಯ. ನಿಂತ ವಿಮಾನದೊಳಗೆ ಮಧ್ಯಾಹ್ನ ಎರಡು ಗಂಟೆಗೆ ಕಾಲಿಡೋಕಾಗಲ್ಲ. ಒಳಗೆ ತಣ್ಣಗಾಗೋವರೆಗೆ ಪೇಷಂಟ್ ಗಾಡಿಯ ಎಸಿಯಲ್ಲೇ ಇರಲಿ, ಆಮೇಲೆ ಹತ್ತಿಸಿ.

ಕೂಸಿನ_ಡಾಕ್ಟ್ರು
ನವಜಾತ ಶಿಶುಗಳಿಗೆ ಅದೇ ಏಪ್ರನ್ (ವಿಮಾನ ನಿಲ್ಲೋ ಜಾಗ) ಬಿಸಿಲು, ಅದೇ ಹಾರಾಟದ ಚಳಿ ಎರಡೂ ಅಪಾಯ. ಟ್ರಾನ್ಸ್‌ಪೋರ್ಟ್ ಇಂಕ್ಯುಬೇಟರ್ ಕಾಯಿಸಿಯೇ ತರಬೇಕು, ಮಗುವಿನ ಮೈ ಬಿಸಿ 36.5–37.5. ಹೊರಡೋ ಮುಂಚೆ ಮತ್ತು ಇಳಿದ ಕೂಡಲೇ ಸಕ್ಕರೆ. ಹೊಟ್ಟೆಗೆ ಬಾಯಿಂದ ಹಾಕಿದ ನಳಿಕೆ ತೆರೆದೇ ಇರಲಿ, ಕರುಳಿನ ತೊಂದರೆ ಇರೋ ಮಗುವಿಗಂತೂ ಕಡ್ಡಾಯ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಹೆದರಿ 100% ಆಕ್ಸಿಜನ್ ಕೊಡಬೇಡಿ, ಸ್ಯಾಚುರೇಷನ್ 90–95 ಸಾಕು, ಗಾಳಿ, ಆಕ್ಸಿಜನ್ ಬೆರೆಸೋ ಬ್ಲೆಂಡರ್ ಇಲ್ಲದ ಟೀಮ್ ಆದ್ರೆ ಕೇಳಿ. ಸರ್ಫ್ಯಾಕ್ಟೆಂಟ್ (ಶ್ವಾಸಕೋಶ ಅರಳಿಸೋ ಔಷಧ) ಬೇಕಾದ್ರೆ ಕೊಟ್ಟು ಮಗು ಸ್ಥಿರ ಆದ ಮೇಲೆ ಹೊರಡಿ.

ತುಂಗಭದ್ರೆ_ದಂಡಿ
ಆಪರೇಟರ್ ಖರೇನ ಆಪರೇಟರಾ, ಬ್ರೋಕರಾ ಅಂತ ತಿಳಿಯೂದು ಹೆಂಗ? ಫೋನ್ ಎತ್ತೋರೆಲ್ಲ "ನಮ್ಮದೇ ವಿಮಾನ" ಅಂತಾರ.

ವಿಂಡ್‌ಸಾಕ್
ಮೂರು ಪ್ರಶ್ನೆ. ವಿಮಾನದ ನೋಂದಣಿ ಸಂಖ್ಯೆ ಏನು? ನಮ್ಮ ದೇಶದ್ದು ವಿಟಿ ಅಂತ ಶುರುವಾಗುತ್ತೆ. ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಕ) ಪರ್ಮಿಟ್ ಯಾವ ಹೆಸರಲ್ಲಿದೆ? ಜೊತೆ ಬರೋ ಡಾಕ್ಟರ್ ಯಾವ ವಿಭಾಗದವರು, ಮುಂಚೆ ವೆಂಟಿಲೇಟರ್ ಪೇಷಂಟ್ ಒಯ್ದಿದ್ದಾರಾ? ಬ್ರೋಕರ್ ಇದ್ರೂ ತಪ್ಪಲ್ಲ, ಆದ್ರೆ ಈ ಮೂರಕ್ಕೆ ಉತ್ತರ ಬರೋವರೆಗೆ ದುಡ್ಡು ಹಾಕಬೇಡಿ. ವಿದ್ಯಾನಗರ ನಿಲ್ದಾಣ ಖಾಸಗಿಯದ್ದು, ಇಳಿಯೋ ಅನುಮತಿ, ತೆರೆದಿರೋ ಹೊತ್ತು ಆಪರೇಟರ್ ಮೊದಲೇ ಕೇಳಿರಬೇಕು. ಸಂಜೆ ಕೇಸ್ ಆದ್ರೆ ಇದನ್ನೇ ಮೊದಲು ಕೇಳಿ.

ಗುಡ್ಡದ_ಕೆಳಗೆ
ಕಾಗದಪತ್ರ?

ಸ್ಟ್ರೆಚರ್_ತುದಿ
ಬೆಂಗಳೂರಿನ ಐಸಿಯುನಿಂದ ಬೆಡ್ ಖಾತ್ರಿ, ಅಲ್ಲಿನ ಡಾಕ್ಟರ್ ಹೆಸರು ಸಮೇತ. ರೆಫರಲ್ ಪತ್ರ, ಔಷಧ ಚಾರ್ಟ್, ಸ್ಕ್ಯಾನ್‌ನ ಸಿಡಿ, ಬರೀ ರಿಪೋರ್ಟ್ ಸಾಲಲ್ಲ. ಆಕ್ಸಿಡೆಂಟ್ ಕೇಸ್ ಆದ್ರೆ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್ ದಾಖಲೆ) ಕಾಪಿ, ಪೊಲೀಸ್‌ಗೆ ತಿಳಿಸಿದ್ದರ ಸ್ವೀಕೃತಿ. ಪೇಷಂಟ್ ಮತ್ತು ಜೊತೆ ಬರೋರ ಆಧಾರ್. ದಾರಿಯಲ್ಲಿ ಹೃದಯ ನಿಂತ್ರೆ ಏನು ಮಾಡೋದು ಅಂತ ಮನೆಯವರ ಜೊತೆ ಮಾತಾಡಿ ಬರೆಸಿದ ಒಪ್ಪಿಗೆ ಪತ್ರ. ಗಾಡಿ ನಂಬರ್, ಡ್ರೈವರ್ ಹೆಸರು ಏರ್‌ಪೋರ್ಟ್ ಸೆಕ್ಯುರಿಟಿಗೆ ಮುಂಚೆ ಹೋಗಿರಲಿ, ಇಲ್ದಿದ್ರೆ ವೆಂಟಿಲೇಟರ್ ಬ್ಯಾಟರಿ ಗೇಟ್‌ನಲ್ಲೇ ಕರಗುತ್ತೆ.

ಬಿಸಿಲ್ನಾಡು
ತೊಡಿ ಮುರದು ಟ್ರ್ಯಾಕ್ಷನ್ ಹಾಕಿದವರು ಇದ್ರ ಅದನ್ನೂ ಬರ್ಕೋರಿ. ಇಟ್ಟಿಗಿ ತೂಗ ಹಾಕಿದ ಟ್ರ್ಯಾಕ್ಷನ್ ಗಾಡ್ಯಾಗೂ ಬ್ಯಾಡ, ವಿಮಾನದಾಗೂ ಬ್ಯಾಡ. ಥಾಮಸ್ ಸ್ಪ್ಲಿಂಟ್‌ಗೆ ಕಟ್ಟಿ ಫಿಕ್ಸ್ ಮಾಡಬೇಕು. ಸ್ಪ್ಲಿಂಟ್ ಎಷ್ಟು ಉದ್ದ ಅಂತ ಟೇಪ್ ಹಿಡದು ಹೇಳಿಬಿಡ್ರಿ. ಕಾಲು ಬಾಗಿಲ ದಾಟಲಿಲ್ಲ ಅಂದ್ರ ಅಲ್ಲೇ ನಿಂತು ಬಿಚ್ಚಬೇಕಾಗ್ತದ.

ಸ್ಟ್ರೆಚರ್_ತುದಿ
ಹೌದಣ್ಣಾ, ಪೇಷಂಟ್ ಎತ್ತರ, ತೂಕವೂ ಹೇಳಬೇಕು. ಬಾಗಿಲಲ್ಲಿ ಸ್ಟ್ರೆಚರ್ ಓರೆ ಮಾಡಿಯೇ ತೂರಿಸೋದು, 100 ಕೆ.ಜಿ. ದಾಟಿದ್ರೆ ಎತ್ತೋಕೆ ಜನ ಹೆಚ್ಚು ಬೇಕು.

ಗುಡ್ಡದ_ಕೆಳಗೆ
ಎಲ್ಲ ಬರ್ಕೊಂಡೆ. ಕೊನೇದು: ಹಿಮೋಗ್ಲೋಬಿನ್ 6.5 ಇದ್ದು ರಕ್ತ ಸಿಗೋದು ತಡ ಅಂದ್ರೆ, ಹಾಗೇ ಕಳಿಸಬಹುದಾ?

ಅರಿವಳಿಕೆ_ರಾಯಚೂರು
ಬೇಡ. 7ರ ಕೆಳಗೆ ಇದ್ದವರಿಗೆ ಮೊದಲು ರಕ್ತ, ಆಮೇಲೆ ಹಾರಾಟ. ವಿಮಾನ ಖಾಲಿ ಹಾರಿ ಬರೋ ಆ 2–3 ಗಂಟೆ ಇದೆಯಲ್ಲ, ಅಷ್ಟರಲ್ಲಿ ಕ್ರಾಸ್‌ಮ್ಯಾಚ್ ಮಾಡಿಸಿ ಒಂದು ಯೂನಿಟ್ ಹರಿಸಬಹುದು. ರಕ್ತಸ್ರಾವ ನಿಂತಿಲ್ಲ ಅನ್ನೋ ಪೇಷಂಟ್ ಆದ್ರೆ ಎರಡು ಯೂನಿಟ್ ಐಸ್ ಬಾಕ್ಸ್‌ನಲ್ಲಿ ಜೊತೆಗೆ ಕೊಡಿ.

ಸಿಸ್ಟರ್_ಕೊಪ್ಪಳ
ಚೀಲ ಐಸ್‌ಗೆ ನೇರ ತಾಗಬಾರದು, ನಡುವ ಬಟ್ಟಿ ಇಡ್ರಿ. ಕ್ರಾಸ್‌ಮ್ಯಾಚ್ ಚೀಟಿ ಬಾಕ್ಸ್ ಮ್ಯಾಲೇ ಅಂಟಸ್ರಿ, ಫೈಲಿನಾಗ ಬ್ಯಾಡ.